ಅಂಚು ಸವರಿದ ತಗಡು

ಆ ಮೇಷ್ಟ್ರೇನಾದರೂ ಈಗ ಎದುರಿಗೆ ಬಂದರೆ ಜಗಳವನ್ನು ಬಿಟ್ಟಲ್ಲಿಂದಲೇ ಶುರು ಮಾಡುತ್ತೇನೆ. ಬರುವುದಿಲ್ಲ. ಈ ಬೇಸಿಗೆಯಲ್ಲಿ, ಕಂಪ್ಲಿಯ ತಮ್ಮ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಎದ್ದವರು ಹಾಗೆಯೇ ಕುಸಿದರಂತೆ. ಕಾಲೇಜಿನಿಂದ ನಿವೃತ್ತರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಫೋನಿನಲ್ಲಿ ಸುದ್ದಿ ಹೇಳಿದವಳು ಹುಲಿಗೆಮ್ಮ, ಅವರ ಪ್ರಯೋಗಶಾಲೆಯ ಅಟೆಂಡರು. ನನ್ನ ಬಾಯಿಂದ ಹೊರಟ ಮೊದಲ ಮಾತು, "ಮತ್ತ ಆ ತಗಡು ಎಲ್ಲೈತಿ?" ಅಳುತ್ತಿದ್ದವಳು ಅಳು ನಿಲ್ಲಿಸಿ, "ನೀ ಏನು ಮನುಷ್ಯಾನೇನಣ್ಣಾ?" ಎಂದು ಫೋನು ಇಟ್ಟಳು.

ಮನುಷ್ಯನೇ. ಆದರೆ ಆ ತಗಡಿನ ಕಥೆ ಗೊತ್ತಿಲ್ಲದವರು ನನ್ನನ್ನು ಕಲ್ಲೆದೆಯವನು ಅಂದುಕೊಂಡಾರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೊಸಪೇಟೆಯಲ್ಲಿ ಲೇತು, ವೆಲ್ಡಿಂಗಿನ ಅಂಗಡಿ ಇಟ್ಟುಕೊಂಡವನು. ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟೆ. ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ, ಯಾರಾದರೂ ಎತ್ತಿ ಆಡಿದರೆ ಸುಮ್ಮನಿರುವವನೂ ಅಲ್ಲ. ಸಂಡೂರಿನ ಗಣಿ ಟಿಪ್ಪರುಗಳ ಪಿನ್ನು, ಕಂಪ್ಲಿಯ ರೈಸ್‌ಮಿಲ್ಲುಗಳ ಶಾಫ್ಟು, ಕಮಲಾಪುರದ ಕಬ್ಬಿನ ಗಾಣದ ಹಲ್ಲುಚಕ್ರ, ಏನೇ ಬರಲಿ ನನ್ನ ಕೈ ದಾಟಿ ಹೋದದ್ದು ತಿರುಗಿ ಬಂದಿಲ್ಲ. ನಾನು ಬೆಸೆದ ಟ್ಯಾಂಕು ಸೋರಿದ್ದನ್ನು ನೋಡಿದವರಿಲ್ಲ. ಅದಕ್ಕೇ ಪ್ರತಿ ಸಾಮಾನಿನ ಮೇಲೂ ನನ್ನ ಹೆಸರಿನ ಎರಡು ಅಕ್ಷರವನ್ನು ಉಕ್ಕಿನ ಪಂಚಿನಿಂದ ಹೊಡೆದೇ ಕಳಿಸುತ್ತೇನೆ. ಜಂಬ ಅನ್ನುವವರು ಅನ್ನಲಿ.

ಇಂಥ ಅಂಗಡಿಗೆ ಒಂದು ಮಧ್ಯಾಹ್ನ ಅವರು ಬಂದರು. ಗಿಡ್ಡ ಆಳು, ಹಣೆಯಲ್ಲಿ ವಿಭೂತಿ, ಅಂಗಿಯ ತೋಳು ಮೊಣಕೈವರೆಗೆ ಒದ್ದೆ. ಹೊರಗೆ ಬೆಂಕಿಯಂಥ ಬಿಸಿಲು. ಈ ಮನುಷ್ಯ ಎಲ್ಲಿ ನೆನೆದು ಬಂದರು ಎಂದು ನೋಡುತ್ತಲೇ ಇದ್ದೆ. ಆಮೇಲೆ ತಿಳಿಯಿತು, ಆ ತೋಳು ಯಾವತ್ತೂ ಒಣಗುವುದೇ ಇಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನೀರಿನ ಹರಿವಿನ ಪ್ರಯೋಗ ಮಾಡಿಸುವ ಮೇಷ್ಟ್ರು ಅಂತೆ. ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದರು. ಕರೆಯಲು ಬಂದಿದ್ದಾರೆ ಅಂದುಕೊಂಡೆ. ತಿರುವಿದರೆ ಹಿಂದೆ ಪೆನ್ಸಿಲಿನಲ್ಲಿ ಒಂದು ತೊಟ್ಟಿ, ನಾಲ್ಕು ಪೈಪು, ಬಾಣದ ಗುರುತು.

"ಮೇಸ್ತ್ರಿ, ನೀರು ಕಣ್ಣಿಗೆ ಕಾಣೋ ಹಂಗ ಒಂದು ಸಾಮಾನು ಮಾಡಿಕೊಡ್ತೀರೇನು?"

"ನಿಮ್ಮ ಕಾಲೇಜಿನಾಗ ಮಷೀನು ಇಲ್ಲೇನ್ರಿ ಸರ?"

"ಐತಿ. ದೊಡ್ಡ ಪೆಟ್ಟಿಗೆ, ಮಸ್ತ್ ಪೇಂಟು. ಹುಡುಗ್ರು ಗುಂಡಿ ಒತ್ತತಾರ, ಕೆಂಪು ದೀಪದಾಗ ನಂಬರ್ ಬರ್ತೈತಿ, ಬರಕೊಂಡು ಕ್ಯಾಂಟೀನಿಗೆ ಹೋಗ್ತಾರ. ಒಳಗ ನೀರೈತೋ ಎಣ್ಣಿ ಐತೋ ಒಬ್ಬನಿಗೂ ಗೊತ್ತಿಲ್ಲ. ನನಗ ಪೆಟ್ಟಿಗಿ ಬ್ಯಾಡ. ಎಲ್ಲಾ ಬಿಚ್ಚಿ ಕೂರಿಸೋ ಹಂಗ ಬೇಕು. ಹುಡುಗ್ರೇ ಜೋಡಿಸಬೇಕು, ಹುಡುಗ್ರೇ ನೀರು ಬಿಡಬೇಕು. ಪಾನಾ, ಸ್ಪ್ಯಾನರು ಇಲ್ಲದ, ಕೈಲೇ."

"ಆಗ್ಲಿ ಬಿಡ್ರಿ. ಒಂದು ಹನಿ ಸೋರಂಗಿಲ್ಲ."

"ಸೋರಬೇಕ್ರಿ," ಅಂದರು ಆ ಪುಣ್ಯಾತ್ಮ. "ಸರಿಯಾಗಿ ಕೂರಿಸಲಿಲ್ಲ ಅಂದ್ರ ಮುಖಕ್ಕ ಸಿಡೀಬೇಕು. ಇಲ್ಲಾಂದ್ರ ಅವರಿಗೆ ಕೂರಿಸೋದು ಹೆಂಗ ತಿಳೀತೈತಿ?"

ಸೋರದಿರುವುದನ್ನೇ ಅನ್ನ ಮಾಡಿಕೊಂಡವನಿಗೆ ಸೋರುವ ಜೋಡಣೆ ಮಾಡು ಎಂದರೆ ಹೇಗಾಗಬೇಡ? ಆಗಲೇ ಎದ್ದು ಕಳಿಸಬೇಕಿತ್ತು. ಕಳಿಸಲಿಲ್ಲ. ಆವತ್ತಿನಿಂದ ಹನ್ನೊಂದು ವರ್ಷ ತಲೆ ತಿಂದರು.

ಅವರ ಜೊತೆ ಒಂದು ಮಾತು ನೆಟ್ಟಗೆ ಮುಗಿಸುವಂತಿರಲಿಲ್ಲ. ಹತ್ತಿರದಲ್ಲಿ ಎಲ್ಲಾದರೂ ನಲ್ಲಿ ಸುರಿಯುತ್ತಿದ್ದರೆ ಅವರ ಕಿವಿ ಅತ್ತ ಹೋಗುತ್ತಿತ್ತು. ಹೋಟೆಲಿನಲ್ಲಿ ಚಹಾ ಎತ್ತಿ ಸುರಿಯುವವನ ಮುಂದೆ ನಿಂತು, "ಇನ್ನೊಮ್ಮೆ ಸುರಿಯಪಾ, ಜರಾ ಮ್ಯಾಲಿಂದ" ಎನ್ನುತ್ತಿದ್ದರು. ಚಹಾ ತಣ್ಣಗಾಗುವುದು ನನ್ನದು. ಪೈಪು ಒಂದು ಕೂದಲೆಳೆ ಸೊಟ್ಟಗಿದ್ದರೆ ಮೂರು ಸಲ ಬಿಚ್ಚಿಸುತ್ತಿದ್ದರು. ಹೀಗಲ್ಲ ಸರ, ನಾನು ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ ಎಂದರೆ ಒಂದೇ ಉತ್ತರ: "ನೀರಿಗೆ ಹೇಳ್ರಿ, ನನಗ್ಯಾಕ ಹೇಳ್ತೀರಿ?"

ಒಂದು ಭಾನುವಾರ ಕಡ್ಡಿರಾಂಪುರದ ಆಚೆ ಒಂದು ಮದುವೆ. ಹೆಂಡತಿ ರೇಷ್ಮೆ ಸೀರೆ ಉಟ್ಟು, ತಲೆತುಂಬ ಹೂ ಮುಡಿದು ಸ್ಕೂಟರಿನ ಹಿಂದೆ ಕೂತಿದ್ದಳು. ದಾರಿಯಲ್ಲಿ ಕಾಲುವೆಯ ಪಕ್ಕ ಪ್ಯಾಂಟು ಮಡಚಿ ನಿಂತ ಮನುಷ್ಯ ಎರಡೂ ಕೈ ಎತ್ತಿ ನಿಲ್ಲಿಸಿದರು. ಏನೋ ಅಪಘಾತ ಎಂದು ಗಾಬರಿಯಾಗಿ ಇಳಿದೆ. ಅವರೇ.

"ಒಂದ ನಿಮಿಷ ಮೇಸ್ತ್ರಿ. ತಂಗೀ, ಎರಡು ಹೂ ಕೊಡವ್ವ."

ಅವಳು ನನ್ನ ಮುಖ ನೋಡಿ, ಮುಡಿದ ದಂಡೆಯಿಂದ ಎರಡು ಸೇವಂತಿಗೆ ಕಿತ್ತು ಕೊಟ್ಟಳು. ಅವರು ಒಂದನ್ನು ಕಾಲುವೆಯ ನಡುವೆ, ಒಂದನ್ನು ಕಲ್ಲಿನ ಅಂಚಿಗೆ ಬಿಟ್ಟರು. ನಡುವಿನದು ಹೊರಟೇ ಹೋಯಿತು. ಅಂಚಿನದು ಅಲ್ಲೇ ಕಲ್ಲಿಗೆ ತಾಗಿ ತಾಗಿ ನಿಂತು ನಿಂತು ನಡೆಯಿತು.

"ನೋಡ್ರಿ, ಅಂಚಿನಾಗ ಕಲ್ಲು ನೀರನ್ನ ಕೈ ಹಿಡಕೊಂಡು ನಿಲ್ಲಸ್ತೈತಿ. ಮೇಸ್ತ್ರಿ, ಅಂಚು ಅಂದ್ರ ಸಣ್ಣದಲ್ಲ. ನೀರಿನ ಆಟ ಎಲ್ಲಾ ಅಂಚಿನಾಗ ಐತಿ."

"ಸರ, ಅಲ್ಲಿ ಅಕ್ಷತಾ ಹಾಕ್ತಾರ!"

"ಹಾಕ್ಲಿ ಬಿಡ್ರಿ. ತಂಗೀ, ಇನ್ನೆರಡು ಹೂ."

ನಾವು ಹೋಗುವಷ್ಟರಲ್ಲಿ ಊಟದ ಎರಡನೇ ಪಂಕ್ತಿ ಎದ್ದಿತ್ತು. ಹೆಂಡತಿಯ ತಲೆಯಲ್ಲಿ ಬರೀ ನಾರು ಉಳಿದಿತ್ತು. ಅವಳೋ, ಬೈಯುವುದು ಬಿಟ್ಟು, "ಪಾಪ, ಭಾಳ ಚಂದ ಹೇಳಿದ್ರು" ಅಂದಳು. ನನಗೆ ಇನ್ನೂ ಉರಿಯಿತು.

ಅಂಚಿನ ಮಾತನ್ನು ಆವತ್ತು ಕಿವಿಗೆ ಹಾಕಿಕೊಂಡಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಅವರಿಗೆ ಒಂದು ಹಿತ್ತಾಳೆಯ ತಗಡು ಬೇಕಾಗಿತ್ತು. ಮೇಲಂಚಿನ ನಡುವೆ ಮೂರು ಮೂಲೆಯಾಗಿ ಕತ್ತರಿಸಿದ ಕಚ್ಚು. ಉದ್ದನೆಯ ತೊಟ್ಟಿಗೆ ಅದನ್ನು ಅಡ್ಡ ಕೂರಿಸಿದರೆ ನೀರು ಏರಿ ಆ ಕಚ್ಚಿನಿಂದ ಆಚೆ ಬೀಳುತ್ತದೆ. ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಎಂದು ಅಳೆದರೆ ಎಷ್ಟು ನೀರು ಬೀಳಬೇಕು ಎಂದು ಲೆಕ್ಕ ಹೇಳುತ್ತದೆ. ನಿಜವಾಗಿ ಬಿದ್ದ ನೀರನ್ನು ಪಕ್ಕದ ತೊಟ್ಟಿಯಲ್ಲಿ ಹಿಡಿದು, ಗಡಿಯಾರ ಇಟ್ಟು ಅಳೆಯಬೇಕು. ಲೆಕ್ಕದ ನೀರಿನಲ್ಲಿ ನಿಜದ ನೀರು ಎಷ್ಟು ಪಾಲು? ಪುಸ್ತಕದಲ್ಲಿ ಪಾಯಿಂಟ್ ಆರರ ಆಸುಪಾಸು ಎಂದಿದೆ. ಇಷ್ಟೇ ಪ್ರಯೋಗ. ಏಳನೇ ತರಗತಿ ಮುಗಿಸದ ನನಗೆ ಅರ್ಥವಾಯಿತು ಎಂದ ಮೇಲೆ ಯಾರಿಗಾದರೂ ಆಗುತ್ತದೆ.

"ಕಚ್ಚಿನ ಅಂಚು ಚಾಕು ಇದ್ದಂಗ ಇರಬೇಕು," ಎಂದು ಎರಡು ಸಲ ಹೇಳಿದ್ದರು. ಹಾಗೆಯೇ ಮಾಡಿದೆ. ಕೊನೆಗೆ ರೂಢಿಯಂತೆ ಹೆಬ್ಬೆರಳು ಆಡಿಸಿ ನೋಡಿದೆ. ಚರಕ್ಕನೆ ರಕ್ತ ಬಂತು.

ನನಗೆ ಕೆಲಸ ಕಲಿಸಿದ ಉಸ್ತಾದರು ಹೊಡೆದು ಹೊಡೆದು ಕೂರಿಸಿದ ಪಾಠ ಒಂದೇ. "ಲೇ, ಅಂಗಡಿಯಿಂದ ಹೋಗೋ ಸಾಮಾನು ಯಾರದೂ ಕೈ ಕೊಯ್ಯಬಾರದು. ಕೊಯ್ದವರು ನಿನ್ನ ಬೈಯಂಗಿಲ್ಲ, ನಿಮ್ಮವ್ವನ್ನ ಬೈತಾರ." ಅಂಚು ಸವರದೆ ಒಂದು ಬಾಗಿಲ ಚಿಲಕವನ್ನೂ ನಾನು ಕಳಿಸಿದವನಲ್ಲ. ಈ ತಗಡನ್ನು ಹಿಡಿಯುವವರು ಹದಿನೆಂಟು ಹತ್ತೊಂಬತ್ತರ ಮಕ್ಕಳು, ಒದ್ದೆ ಕೈ. ಮೇಷ್ಟ್ರಿಗೆ ಏನು ಗೊತ್ತು, ಲಗ್ನಪತ್ರಿಕೆಯ ಮೇಲೆ ಗೀಚುವವರಿಗೆ? ಅರ ತೆಗೆದುಕೊಂಡು, ಎಮರಿ ಹಾಳೆ ಹಚ್ಚಿ, ಅಂಚನ್ನು ಮಗುವಿನ ಕೆನ್ನೆಯಂತೆ ದುಂಡಗೆ ಸವರಿದೆ. ಪಂಚು ಹೊಡೆದು ಕಳಿಸಿದೆ. ಅವರಿಗೆ ಹೇಳಲಿಲ್ಲ. ಕಣ್ಣಿಗೆ ಗೊತ್ತಾಗುವಂಥದ್ದೂ ಅಲ್ಲ.

ಎರಡು ತಂಡ ಹುಡುಗರು ಆ ತಗಡಿನ ಮೇಲೆ ಪ್ರಯೋಗ ಮಾಡಿ ಮುಗಿಸಿದರು. ಎಲ್ಲರ ಪುಸ್ತಕದಲ್ಲೂ ಪಾಯಿಂಟ್ ಆರು. ಮೇಷ್ಟ್ರು ಖುಷಿಯಾಗಿ ಸಹಿ ಮಾಡಿದ್ದರು. ಆಮೇಲೆ ಒಂದು ದಿನ, ಯಾಕೋ ತಾವೇ ಕೂತು ನೀರು ಬಿಟ್ಟು ಅಳೆದರಂತೆ. ಪಾಯಿಂಟ್ ಏಳು ಬಂತು. ಮತ್ತೆ ಅಳೆದರು, ಏಳೇ. ನನಗೆ ಫೋನು ಬಂತು: "ಮೇಸ್ತ್ರಿ, ಇದ್ದಂಗ ಬರ್ರಿ."

ಹೋದೆ. ಮೇಜಿನ ಮೇಲೆ ಹುಡುಗರ ಪುಸ್ತಕಗಳ ರಾಶಿ. ಅವರು ನನ್ನ ಹೆಬ್ಬೆರಳು ಹಿಡಿದು ಕಚ್ಚಿನ ಅಂಚಿನ ಮೇಲೆ ಆಡಿಸಿದರು.

"ನೀವೇ ಸವರೀರೇನು?"

"ಹೌದ್ರಿ. ಹುಡುಗ್ರ ಕೈ ಕೊಯ್ತೈತಿ ಅಂತ."

"ಚೂಪು ಅಂಚಿದ್ರ ನೀರು ಅಂಚು ಬಿಟ್ಟು ಹಾರಿ ಬೀಳ್ತೈತಿ. ನೀವು ಸವರೀರಿ, ಅದು ಅಂಚನ್ನ ತಬ್ಬಿಕೊಂಡು ಇಳೀತೈತಿ. ಅದಕ್ಕ ಜಾಸ್ತಿ ನೀರು ದಾಟತೈತಿ." ಇಷ್ಟು ಹೇಳಿ, ಬೈಯುತ್ತಾರೆ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದರೆ, ಆ ಮನುಷ್ಯ ಕುಣಿಯುವುದೊಂದು ಬಾಕಿ. "ಮೇಸ್ತ್ರಿ, ನೀವೊಬ್ಬರು ತಪ್ಪು ಮಾಡೀರಿ. ಇವರು ಅಷ್ಟೂ ಮಂದಿ ಸುಳ್ಳು ಬರದಾರ! ಏಳು ಬಂದೈತಿ, ಆರು ಬರದಾರ. ನಾನು ಸಹಿ ಮಾಡೀನಿ! ನೀರು ಪುಸ್ತಕ ಓದಿಲ್ಲ ಮೇಸ್ತ್ರಿ, ಇವರು ಓದ್ಯಾರ."

ನನಗೆ ಕೇಳಿಸಿದ್ದು 'ತಪ್ಪು ಮಾಡೀರಿ' ಅಷ್ಟೇ. ಅಂಗಡಿಗೆ ಬಂದು ಬೇರೆ ಕೆಲಸವೆಲ್ಲ ಬದಿಗಿಟ್ಟು ಹೊಸ ತಗಡು ಕೊಯ್ದೆ, ಚಾಕುವಿನಂಥ ಅಂಚಿನದು. ಮರುದಿನ ಕೊಟ್ಟು, "ಹಳೇದು ಕೊಡ್ರಿ, ಕರಗಿಸ್ತೀನಿ" ಅಂದೆ.

"ಅದು ಬಂಗಾರ. ಕೊಡಂಗಿಲ್ಲ."

ಕೊಡಲೇ ಇಲ್ಲ. ಪ್ರಯೋಗಶಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಪ್ರತಿ ವರ್ಷ ಹೊಸ ಹುಡುಗರು ಬಂದ ಮೊದಲ ದಿನ, ಏನೂ ಹೇಳದೆ ಅದನ್ನೇ ತೊಟ್ಟಿಗೆ ಕೂರಿಸುವುದು. ಪಾಯಿಂಟ್ ಆರು ಬರೆದವರ ಪುಸ್ತಕ ವಾಪಸ್. ಏಳು ಬರೆದವರನ್ನು ಕರೆದು, "ಯಾಕ ಏಳು?" ಎಂದು ತಡಕಾಡಿಸುವುದು. ಕೊನೆಗೆ ಎಲ್ಲರೂ ಒಬ್ಬೊಬ್ಬರಾಗಿ ಬಂದು ಆ ಅಂಚನ್ನು ಮುಟ್ಟಿ ನೋಡುವುದು. ನನ್ನ ಎರಡಕ್ಷರ ಅಲ್ಲೇ, ಕಚ್ಚಿನ ಕೆಳಗೆ, ಹೊಳೆಯುತ್ತಿತ್ತು.

ಇದು ನನಗೆ ಹೇಗಿತ್ತು ಎಂದು ಕೇಳಿ. ಸಾವಿರ ಸಾಮಾನು ಮಾಡಿದ್ದೇನೆ. ಗೋಡೆಗೆ ಹತ್ತಿದ್ದು ಒಂದೇ, ಅದೂ ಕೆಟ್ಟದ್ದು.

ಬೇಕಾದಷ್ಟು ಸಲ ಕೇಳಿದೆ. ಸಿಟ್ಟಿನಿಂದ ಕೇಳಿದೆ, ಹೆಂಡತಿಯಿಂದ ಕೇಳಿಸಿದೆ. ನಕ್ಕರು. ಹುಲಿಗೆಮ್ಮನಿಗೆ, "ಒಂದಿನ ಸುಮ್ಮ ಬಿಚ್ಚಿ ಕೊಟ್ಟುಬಿಡವ್ವ" ಅಂದೆ. ಅವಳಿಗೂ ಅವರ ಮೇಲೆ ದೂರಿತ್ತು. ಹುಡುಗರು ಜೋಡಿಸಿದ ಪೈಪು ಸಿಡಿದಾಗಲೆಲ್ಲ ನೆಲ ಒರೆಸುವವಳು ಅವಳು. "ಸರ, ನೀವು ಪಾಠ ಮಾಡ್ರಿ, ನಾ ಹರಿಗೋಲು ತರ್ತೀನಿ" ಎಂದು ಮುಖದ ಮೇಲೆಯೇ ಅನ್ನುತ್ತಿದ್ದಳು. ಆದರೂ ತಗಡಿನ ಮಾತಿಗೆ, "ಅದೊಂದು ಬ್ಯಾಡಣ್ಣ. ಅದು ಹೋದ್ರ ಅವರು ಉಣ್ಣಂಗಿಲ್ಲ" ಎಂದು ಕೈ ಮುಗಿದಳು.

ಒಮ್ಮೆ ಕಂಪ್ಲಿಯ ಒಂದು ಮಿಲ್ಲಿಗೆ ಶಾಫ್ಟು ಕೂರಿಸಲು ಹೋಗಿದ್ದೆ. ಅಲ್ಲಿ ಹೊಸದಾಗಿ ಸೇರಿದ್ದ ಇಂಜಿನಿಯರ್ ಹುಡುಗ ಶಾಫ್ಟಿನ ಮೇಲಿನ ಗುರುತು ನೋಡಿ, ಮುಖ ಅರಳಿಸಿ, "ಓ, ಆ ತಗಡು ಮಾಡಿದವರು ನೀವೇನ್ರಿ?" ಅಂದ. ಮಿಲ್ಲಿನ ಸಾಹುಕಾರರು, "ಯಾವ ತಗಡು?" ಅಂದರು. ಅವನು ಹೇಳಿದ, ಒಂದಕ್ಷರ ಬಿಡದೆ. ಸಾಹುಕಾರರು ಹೊಟ್ಟೆ ಹಿಡಿದು ನಕ್ಕು, "ಈ ಶಾಫ್ಟಿಗೆ ಏನೂ ಸವರಿಲ್ಲ ಹೌದಿಲ್ಲೋ?" ಅಂದರು. ಹುಡುಗನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಮೂವತ್ತು ವರ್ಷ ನನ್ನ ಗುರುತು ನೋಡಿ ಯಾರೂ ನಕ್ಕಿರಲಿಲ್ಲ.

ಅಲ್ಲಿಂದ ನೆಟ್ಟಗೆ ಕಾಲೇಜಿಗೆ ಹೋದೆ. ಮೇಷ್ಟ್ರು ಒದ್ದೆ ತೋಳಲ್ಲಿ ಪಾಠ ಮಾಡುತ್ತಿದ್ದರು. ಗೋಡೆಯಿಂದ ತಗಡು ಇಳಿಸಿ, ಚೀಲದಿಂದ ಅರ ತೆಗೆದು, ಹುಡುಗರೆಲ್ಲ ನೋಡುತ್ತಿರುವಾಗಲೇ ನನ್ನ ಎರಡಕ್ಷರವನ್ನು ಉಜ್ಜಿ ಉಜ್ಜಿ ತೆಗೆದೆ. ಹಿತ್ತಾಳೆಯ ಪುಡಿ ಮೇಜಿನ ಮೇಲೆ ಬಿತ್ತು. ಅವರು ಪಾಠ ನಿಲ್ಲಿಸಿ ಕಾದರು. ಮುಗಿದ ಮೇಲೆ ತಗಡನ್ನು ಇಸಿದುಕೊಂಡು, ಉಜ್ಜಿದ ಜಾಗ ನೋಡಿ, ಮತ್ತೆ ಮೊಳೆಗೆ ಹಾಕಿದರು.

"ಯಾರು ಮಾಡಿದ್ದು ಅಂತ ಇನ್ನು ಗೊತ್ತಾಗಂಗಿಲ್ಲ ಸರ," ಅಂದೆ.

"ಹೌದು," ಅಂದರು. "ಲುಕ್ಸಾನು ಆತು."

ಯಾರಿಗೆ ಎಂದು ಹೇಳಲಿಲ್ಲ. ಆಮೇಲೆ ನಾನು ಅತ್ತ ಹೋಗಲಿಲ್ಲ. ಅವರ ಬೀಳ್ಕೊಡುಗೆಗೂ ಹೋಗಲಿಲ್ಲ. ಕರೆಯಲು ಅವರೇ ಅಂಗಡಿಗೆ ಬಂದಿದ್ದರು; ನಾನು ಲೇತಿನ ಸದ್ದು ಜೋರು ಮಾಡಿ ಕೇಳಿಸದವನಂತೆ ಇದ್ದೆ.

ಅವರು ತೀರಿಕೊಂಡು ತಿಂಗಳಾದ ಮೇಲೆ ಕಾಲೇಜಿಗೆ ಹೋದೆ. ಅವರ ಜಾಗಕ್ಕೆ ಬಂದ ಮೇಡಂ ಚಿಕ್ಕ ವಯಸ್ಸಿನವರು, ಒಬ್ಬರೇ ಮೂರು ಪ್ರಯೋಗಶಾಲೆ ನೋಡಿಕೊಳ್ಳಬೇಕು. ತಗಡಿನ ವಿಷಯ ಹೇಳುತ್ತಲೇ, "ಅಯ್ಯೋ, ಅದು ತಪ್ಪು ತಗಡಂತಲ್ರಿ, ತಗೊಂಡು ಹೋಗ್ರಿ" ಎಂದು ಪಕ್ಕದ ಕೋಣೆಗೆ ಓಡಿದರು. ಇಷ್ಟೇ. ಹತ್ತು ವರ್ಷ ಬೇಡಿದ್ದು ಒಂದು ಮಾತಿಗೆ ಸಿಕ್ಕಿತು. ಜಗಳಕ್ಕೆ ಎದುರಾಳಿ ಇರಬೇಕು. ಇಲ್ಲದಿದ್ದರೆ ಗೆದ್ದದ್ದೂ ಗೊತ್ತಾಗುವುದಿಲ್ಲ.

ಗೋಡೆಯ ಹತ್ತಿರ ಹೋದರೆ ಮೊಳೆ ಖಾಲಿ. ತಗಡು ತೊಟ್ಟಿಯಲ್ಲಿತ್ತು. ಹೊಸ ತಂಡದ ನಾಲ್ಕು ಜನ, ಯಾವುದೋ ಒಂದು ತಗಡು ಎಂದು ಅದನ್ನೇ ಕೂರಿಸಿ ನೀರು ಬಿಟ್ಟಿದ್ದರು. ಬಿಚ್ಚಿಕೊಂಡು ಹೋಗಲು ಪ್ರಯೋಗ ಮುಗಿಯಬೇಕು. ಹುಲಿಗೆಮ್ಮ ಸ್ಟೂಲು ಎಳೆದು, "ಕುಂದ್ರಣ್ಣ. ಬಂದಿ ಅಲ್ಲ, ತಗಡಿಗಾದ್ರೂ" ಅಂದಳು.

ಲೆಕ್ಕ ಮಾಡುತ್ತಿದ್ದವಳು ಕನ್ನಡಕದ ಹುಡುಗಿ. ಮೂರು ಸಲ ಗುಣಿಸಿದಳು, ಮೂರೂ ಸಲ ಪಾಯಿಂಟ್ ಏಳು. ಪಕ್ಕದವನು, "ಲೇ, ಆರು ಬರಿ, ಜಲ್ದಿ ಹೋಗೂಣು" ಅಂದ. ಅವಳು ಒಂದು ಗಳಿಗೆ ಬೀಳುವ ನೀರು ನೋಡಿದಳು. ಆಮೇಲೆ ರಬ್ಬರು ತೆಗೆದುಕೊಂಡು ಏಳನ್ನು ಅಳಿಸತೊಡಗಿದಳು.

ಸುಮ್ಮನಿದ್ದರೆ ಹತ್ತು ನಿಮಿಷದಲ್ಲಿ ತಗಡು ನನ್ನ ಚೀಲದಲ್ಲಿರುತ್ತಿತ್ತು.

"ಯಾಕವ್ವ ಅಳಸ್ತಿ?" ಎಂದುಬಿಟ್ಟೆ.

"ಏಳು ಬಂದೈತ್ರಿ ಅಂಕಲ್."

"ಬಂದಿದ್ದು ಬರಿ."

"ಪುಸ್ತಕದಾಗ ಆರೈತ್ರಿ. ನಾವೇ ಎಲ್ಲೋ ತಪ್ಪು ಮಾಡೀವಿ."

"ನೀವು ಮಾಡಿಲ್ಲ. ನಾ ಇಲ್ಲೇ ಕುಂತು ನೋಡೀನಿ. ಸರಿಯಾಗೇ ಅಳದೀರಿ."

"ಹಂಗಾದ್ರ ತಪ್ಪು ಯಾರದ್ರಿ?" ಎಂದ ಪಕ್ಕದ ಹುಡುಗ, ಅರ್ಧ ತಮಾಷೆಗೆ. "ನೀರಿಂದೇನು?"

ನಾಲ್ಕೂ ಜನ ನನ್ನ ಮುಖ ನೋಡುತ್ತಿದ್ದರು. ಹುಲಿಗೆಮ್ಮ ಒರೆಸುವುದು ನಿಲ್ಲಿಸಿದ್ದಳು. ತಗಡಿನ ಮೇಲೆ ಹೆಸರಿಲ್ಲ. ಅವರಿಲ್ಲ. ನಾನು ಹೇಳದಿದ್ದರೆ ಈ ಹುಡುಗಿ ಬಾರದ ಆರನ್ನು ಬರೆದು, ತಾನು ಕಂಡದ್ದನ್ನೇ ತಪ್ಪು ಅಂದುಕೊಂಡು ಮನೆಗೆ ಹೋಗುತ್ತಾಳೆ. ಇನ್ನು ಹತ್ತು ವರ್ಷಕ್ಕೆ ಯಾವುದೋ ಕಾಲುವೆಗೆ, ಯಾವುದೋ ತೂಬಿಗೆ ಹೀಗೆಯೇ ಬರೆಯುತ್ತಾಳೆ.

"ತಗಡು ಮಾಡಿದವಂದು," ಅಂದೆ. "ಅಂಚು ಸವರ್ಯಾನ. ಸವರಬಾರದಿತ್ತು. ನೀರು ನಿಲ್ಲಿಸಿ ಮುಟ್ಟಿ ನೋಡ್ರಿ."

ಹುಡುಗಿ ಮುಟ್ಟಿದಳು. "ಯಾರ್ರಿ ಮಾಡಿದ್ದು?"

"ನಾನು."

ಯಾರೂ ನಗಲಿಲ್ಲ. ಅವಳು ಇನ್ನೊಮ್ಮೆ ಅಂಚಿನ ಮೇಲೆ ಬೆರಳು ಆಡಿಸಿ, "ಎಷ್ಟು ನುಣ್ಣಗೈತಿ!" ಅಂದಳು. ಆಮೇಲೆ ರಬ್ಬರಿನ ಪುಡಿ ಊದಿ, ಏಳನ್ನು ಮತ್ತೆ ಬರೆದಳು, ಪೆನ್ನಿನಲ್ಲಿ. "ಇನ್ನೊಂದು ತಗಡೈತಿ, ಚೂಪಿಂದು. ಅದನ್ನ ಹಾಕಿ ನೋಡ್ರಿ" ಅಂದೆ. ಚೂಪಿನದನ್ನು ಕೂರಿಸುವ ಗಡಿಬಿಡಿಯಲ್ಲಿ ಬದಿಯ ನಟ್ಟು ಬಿಗಿಯಲಿಲ್ಲ. ನೀರು ಸಿಡಿದು ಪಕ್ಕದ ಹುಡುಗನ ಮುಖಕ್ಕೆ ಹೊಡೆಯಿತು. ನಾನು ಕೈ ಹಾಕಿ ಅದುಮಿ ಹಿಡಿದೆ. ತೋಳು ಮೊಣಕೈವರೆಗೆ ತೊಯ್ದು ಹೋಯಿತು. ಪಾಯಿಂಟ್ ಆರು ಬಂತು.

ಹುಡುಗರು ಹೋದ ಮೇಲೆ ಹಳೆಯ ತಗಡು ಒರೆಸಿ ಕೈಯಲ್ಲಿ ಹಿಡಿದೆ. ಉಜ್ಜಿದ ಜಾಗ ಕಪ್ಪಿಟ್ಟಿತ್ತು. ಪಂಚು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಕಲ್ಲಿನ ಕಟ್ಟೆಯ ಮೇಲಿಟ್ಟು ಎರಡು ಏಟು ಹೊಡೆದೆ, ಮೊದಲಿಗಿಂತ ಆಳವಾಗಿ. ಮೊಳೆಗೆ ಹಾಕಿದೆ.

ಸತ್ತ ಮೇಲೂ ನನ್ನಿಂದ ಬಿಟ್ಟಿ ಕೆಲಸ ತೆಗೆದ ಮನುಷ್ಯ. ಸಿಕ್ಕರೆ ಬಿಡುವುದಿಲ್ಲ.

ಹೊರಡಬೇಕು ಎಂದು ತಿರುಗಿದರೆ ಹುಲಿಗೆಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ನೆಲದಲ್ಲಿ ಕಾಲು ಮುಳುಗುವಷ್ಟು ನೀರು. ನನ್ನ ಒದ್ದೆ ತೋಳು ನೋಡಿದಳು, ಗೋಡೆ ನೋಡಿದಳು.

"ಅವರು ಹೋದ್ರು, ಇನ್ನ ನೆಲ ಒಣಗಿರ್ತೈತಿ ಅಂತ ಮಾಡಿದ್ದೆ," ಎಂದು ಒರೆಸುವ ಕೋಲನ್ನು ನನ್ನ ಕೈಗೆ ತುರುಕಿದಳು. "ಹಿಡಿ, ಒರಸು."